ಅಲ್ಲಿ ಓಡುವುದು, ಇಲ್ಲಿ ನಡೆಯುವುದು

(ಸಕಲೇಶಪುರದ ಹತ್ತಿರದ ಒಂದು ಹಳ್ಳಿ. ಆಷಾಢದ ಮಳೆ. ಜಗಲಿಯ ಮೇಲೆ ಇಬ್ಬರು. ಒಬ್ಬರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದವರು. ಇನ್ನೊಬ್ಬಳು ಅವರ ತಮ್ಮನ ಮಗಳು. ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸು, ರಜೆಗೆ ಬಂದಿದ್ದಾಳೆ.)

ಮಗಳು: ದೊಡ್ಡಪ್ಪ, ಎಂಟನೇ ಕ್ಲಾಸಿನಲ್ಲಿ ನೀವೇ ಹೇಳಿಕೊಟ್ಟಿದ್ದು. ರನ್ ಅಂದ್ರೆ ಓಡು. ರನ್, ರ‍್ಯಾನ್, ರನ್ ಅಂತ ಕೊಟ್ಟಿಗೆಯಲ್ಲಿ ಕರು ಕಟ್ಟುವಾಗಲೂ ಬಾಯಿಪಾಠ ಮಾಡ್ತಿದ್ದೆ.

ದೊಡ್ಡಪ್ಪ: ಹೇಳಿಕೊಟ್ಟಿದ್ದೆ. ಅದರಲ್ಲೇನು ತಪ್ಪು?

ಮಗಳು: ತಪ್ಪಿಲ್ಲ. ಸಾಲಲಿಲ್ಲ, ಅಷ್ಟೆ. ಅಲ್ಲಿಗೆ ಹೋದ ಮೊದಲನೇ ವಾರ. ವಾರ್ಡಿನ ಸಿಸ್ಟರ್ ನಾಲ್ಕು ರಕ್ತದ ಸ್ಯಾಂಪಲ್ ಕೈಗೆ ಕೊಟ್ಟು 'ರನ್ ದೀಸ್ ಡೌನ್ ಟು ದಿ ಲ್ಯಾಬ್' ಅಂದ್ರು. ನಾನು ಓಡಿದೆ. ನಿಜವಾಗಿಯೂ ಓಡಿದೆ, ಅಷ್ಟುದ್ದದ ಕಾರಿಡಾರಿನಲ್ಲಿ. ಆಸ್ಪತ್ರೆಯಲ್ಲಿ ನರ್ಸು ಓಡಿದರೆ ಏನರ್ಥ ಹೇಳಿ? ಎಲ್ಲೋ ಬೆಂಕಿ ಬಿದ್ದಿರಬೇಕು, ಇಲ್ಲಾ ಯಾರಿಗೋ ರಕ್ತ ನಿಲ್ಲದೆ ಹೋಗ್ತಿರಬೇಕು, ಇಲ್ಲಾ ಎದೆಬಡಿತ ನಿಂತಿರಬೇಕು. ಮಿಕ್ಕಂತೆ ನರ್ಸು ಬಿರುಸಾಗಿ ನಡೀಬಹುದು, ಓಡಬಾರದು. ಗಾಲಿಕುರ್ಚಿಯಲ್ಲಿ ಕೂತಿದ್ದ ಒಬ್ಬ ಅಜ್ಜಿ ನನ್ನ ನೋಡಿ ಗಾಬರಿಯಾಗಿ ಎದೆ ಹಿಡಕೊಂಡ್ರು. ಆಮೇಲೆ ಸಿಸ್ಟರ್ ಮೆತ್ತಗೆ ಹೇಳಿದ್ರು, ಅದು ಕೊಟ್ಟು ಬಾ ಅನ್ನೋ ಮಾತು ಅಂತ. ಬೈಯಲಿಲ್ಲ. ಆದರೆ ಆ ಅಜ್ಜಿಯ ಮುಖ ಇವತ್ತಿಗೂ ಕಣ್ಣ ಮುಂದಿದೆ.

ದೊಡ್ಡಪ್ಪ: ಪರೀಕ್ಷೆ ಪಾಸಾಗಿಯೇ ಹೋಗಿದ್ದೆಯಲ್ಲಮ್ಮ ನೀನು?

ಮಗಳು: ಇಂಗ್ಲಿಷ್ ಬರುತ್ತೆ ಅಂತ ತೋರಿಸದೆ ಅಲ್ಲಿನ ನರ್ಸಿಂಗ್ ಕೌನ್ಸಿಲ್ಲಿನವರು ಹೆಸರನ್ನೇ ಹತ್ತಿಸಿಕೊಳ್ಳಲ್ಲ. ನಾನು ಒಇಟಿ ಅನ್ನೋ ಇಂಗ್ಲಿಷ್ ಪರೀಕ್ಷೆ ಪಾಸಾಗಿದ್ದೆ. ಪರೀಕ್ಷೆಯಲ್ಲಿ ಕಾಯಿಲೆಗಳ ದೊಡ್ಡ ದೊಡ್ಡ ಹೆಸರೆಲ್ಲ ಸಲೀಸಾಗಿ ಬರೆದೆ. ಅವು ಇಲ್ಲಿಗೂ ಅಲ್ಲಿಗೂ ಒಂದೇ. ಎಡವಿದ್ದು ಈ ಮೂರಕ್ಷರದ ಪದದಲ್ಲಿ. ಅವತ್ತು ರಾತ್ರಿಯೇ ಒಂದು ನೋಟ್‌ಬುಕ್ ಮಾಡಿದೆ. ವಾರ್ಡಿನಲ್ಲಿ ಯಾರು ರನ್ ಅಂದ್ರೂ ಆ ವಾಕ್ಯ, ಯಾರು ಅಂದ್ರು, ಯಾವಾಗ ಅಂದ್ರು, ಅಷ್ಟನ್ನೂ ಬರೆದುಕೊಳ್ಳೋದು. ನೋಡಿ, ತಂದಿದ್ದೀನಿ.

ದೊಡ್ಡಪ್ಪ: ಕೊಡಿಲ್ಲಿ. ಕನ್ನಡಕ ಒಳಗಿದೆ, ನೀನೇ ಓದು.

ಮಗಳು: ರೋಗಿಗೆ ಜ್ವರ ಬಂದ್ರೆ ಅವರು ಟೆಂಪರೇಚರ್ ರನ್ ಮಾಡ್ತಿದ್ದಾರೆ. ಮೂಗು ಸೋರಿದ್ರೆ ಮೂಗು ರನ್ ಆಗ್ತಿದೆ. ಭೇದಿಗೆ 'ದಿ ರನ್ಸ್' ಅಂತಲೇ ಹೆಸರು. ಇಸಿಜಿಯಲ್ಲಿ ತಪ್ಪು ಬಡಿತಗಳು ಸಾಲಾಗಿ ಬಂದ್ರೆ ಅದೊಂದು ರನ್. ಕ್ಲಿನಿಕ್ಕು ತಡವಾದ್ರೆ ರನ್ನಿಂಗ್ ಲೇಟ್. ಕೈಗವಸು ಮುಗಿದ್ರೆ ನಾವು ರನ್ ಔಟ್. ಸಕ್ಕರೆ ಕಾಯಿಲೆ ಮನೆತನದಲ್ಲಿ ರನ್ ಆಗುತ್ತೆ. ಸುಸ್ತಾದವರು ರನ್ ಡೌನ್. ಡಾಕ್ಟರಿಗೆ ಒಂದು ಮಾತು ಕೇಳಿ ಮುಂದುವರಿಯೋದು ಅವರ ಪಕ್ಕ ರನ್ ಮಾಡೋದು. ಈ ವಾರ್ಡನ್ನ ಯಾರು ನೋಡಿಕೊಳ್ತಾರೋ ಅವರು ರನ್ ಮಾಡ್ತಾರೆ. ಸುಟ್ಟ ಗಾಯವನ್ನ ಇಪ್ಪತ್ತು ನಿಮಿಷ ರನ್ನಿಂಗ್ ವಾಟರ್ ಕೆಳಗೆ ಹಿಡೀಬೇಕು. ಕೊನೇ ಪುಟದಲ್ಲಿ ಒಂದು ಮಾತಿದೆ. ಅದನ್ನ ಆಮೇಲೆ ಕೇಳ್ತೀನಿ.

ದೊಡ್ಡಪ್ಪ: ಮಗಾ, ನೀನು ಮಾಡಿರೋದು ಏನು ಅಂತ ನಿನಗೆ ಗೊತ್ತಾ? ಆಕ್ಸ್‌ಫರ್ಡ್ ನಿಘಂಟು ಕಟ್ಟಿದ್ದೇ ಹೀಗೆ. ಲಂಡನ್ನಿನ ಫಿಲಲಾಜಿಕಲ್ ಸೊಸೈಟಿಯಲ್ಲಿ 1857ರಲ್ಲಿ ಅದರ ಯೋಚನೆ ಹುಟ್ಟಿತು. ಮೊದಲ ಕಂತು ಹೊರಬಂದದ್ದು 1884ರಲ್ಲಿ, ಕೊನೆಯದು 1928ರಲ್ಲಿ. ಜೇಮ್ಸ್ ಮರ್ರೆ ಅಂತ ಸಂಪಾದಕರು, ಮೊದಲು ಸ್ಕೂಲು ಮೇಷ್ಟ್ರಾಗಿದ್ದವರು. ತೋಟದಲ್ಲಿ ಒಂದು ತಗಡಿನ ಮನೆ ಹಾಕಿಕೊಂಡು ಅದರ ತುಂಬ ಗೂಡು ಮಾಡಿಸಿ ಕೂತರು. ಎಲ್ಲೆಲ್ಲಿಂದಲೋ ಓದುಗರು ಚೀಟಿ ಕಳಿಸೋರು. ಒಂದು ಚೀಟಿಗೆ ಒಂದು ಪದ, ಆ ಪದ ಬಳಕೆಯಾದ ಒಂದು ವಾಕ್ಯ, ಯಾವ ಪುಸ್ತಕ, ಯಾವ ಕಾಲ. ಯಾರೂ ಕೂತು ಅರ್ಥವನ್ನ ಕಲ್ಪಿಸಿಕೊಳ್ಳಲಿಲ್ಲ. ಚೀಟಿಗಳನ್ನ ಹರವಿಕೊಂಡು, ಓದಿ ಓದಿ, ಒಂದರ ಪಕ್ಕ ಒಂದು ಇಟ್ಟು ಅರ್ಥವನ್ನ ಬೇರ್ಪಡಿಸಿದರು. ಮರ್ರೆಯವರು ಕೆಲಸ ಮುಗಿಯೋದನ್ನ ಕಾಣದೆ 1915ರಲ್ಲಿ ತೀರಿಕೊಂಡರು.

ಮಗಳು: ರನ್‌ಗೆ ಅದರಲ್ಲಿ ಎಷ್ಟು ಅರ್ಥ ಇದೆ?

ದೊಡ್ಡಪ್ಪ: 1989ರ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ರನ್ ಅಲ್ಲ, ಸೆಟ್. ಅದರ ಕ್ರಿಯಾಪದಕ್ಕೇ 430 ಅರ್ಥ, ಸುಮಾರು 60,000 ಪದಗಳ ವಿವರಣೆ. ಒಂದು ಕಾದಂಬರಿಯಷ್ಟು! ಮೂರನೇ ಆವೃತ್ತಿಗೆ ಪರಿಷ್ಕರಣೆ ಶುರುವಾದ ಮೇಲೆ ರನ್ ಮುಂದೆ ಬಂತು. ಪೀಟರ್ ಗಿಲಿವರ್ ಅನ್ನುವ ನಿಘಂಟುಕಾರರು ಒಂಬತ್ತು ತಿಂಗಳು ಇದೊಂದೇ ಪದದ ಮೇಲೆ ಕೂತು ಕ್ರಿಯಾಪದವೊಂದಕ್ಕೇ 645 ಅರ್ಥ ಬೇರ್ಪಡಿಸಿದರು.

ಮಗಳು: ಆರುನೂರ ನಲವತ್ತೈದು! ನನ್ನ ನೋಟ್‌ಬುಕ್ಕಿನಲ್ಲಿ ಐವತ್ತೂ ದಾಟಿಲ್ಲ. ಅಷ್ಟನ್ನೂ ಯಾರು ಕಲೀತಾರೆ ದೊಡ್ಡಪ್ಪ?

ದೊಡ್ಡಪ್ಪ: ಇಂಗ್ಲಿಷರೂ ಕಲಿತಿಲ್ಲ. ಅವರಿಗೂ ಪಟ್ಟಿ ಗೊತ್ತಿಲ್ಲ. ಪದದ ಒಳಗೊಂದು ಚಲನೆ ಇದೆ, ಅದು ಗೊತ್ತು. ತಡೆಯಿಲ್ಲದೆ ಒಂದೇ ಸಮ ಮುಂದಕ್ಕೆ ಹೋಗೋದು. ಕಾಲಾಗಲಿ, ನೀರಾಗಲಿ, ಗಡಿಯಾರವಾಗಲಿ.

ಮಗಳು: ಕೈಗವಸು ಮುಗಿದುಹೋದರೆ ಅಲ್ಲಿ ಯಾವ ಚಲನೆ?

ದೊಡ್ಡಪ್ಪ: ಒಳ್ಳೇ ಕಡೆ ಹಿಡಿದೆ. ಅದಕ್ಕೆ ಪದದ ಹುಟ್ಟಿಗೆ ಹೋಗಬೇಕು. ಹಳೇ ಇಂಗ್ಲಿಷಿನಲ್ಲಿ ಇದರ ರೂಪ ರಿನ್ನನ್. ಜರ್ಮನ್ ಭಾಷೆ ಇದರ ದಾಯಾದಿ. ಜರ್ಮನ್ನರು ಎರಡು ಪದ ಉಳಿಸಿಕೊಂಡಿದ್ದಾರೆ. ಮನುಷ್ಯ ಓಡಿದರೆ ರೆನ್ನನ್, ನೀರು ಸಣ್ಣಗೆ ಹರಿದರೆ ರಿನ್ನನ್. ಇಂಗ್ಲಿಷಿನಲ್ಲಿ ಎರಡೂ ಒಂದರೊಳಗೊಂದು ಕರಗಿ ರನ್ ಆಯಿತು. ಆದ್ದರಿಂದ ರನ್‌ನಲ್ಲಿ ಕಾಲು ಎಷ್ಟಿದೆಯೋ ನೀರೂ ಅಷ್ಟೇ ಇದೆ. ನಾನು ನಿಮಗೆ ಕಾಲನ್ನು ಮಾತ್ರ ಹೇಳಿಕೊಟ್ಟೆ, ನೀರನ್ನ ಹೇಳಿಕೊಡಲಿಲ್ಲ. ಈಗ ಹಂಡೆಯ ನೀರನ್ನ ನೆನೆಸಿಕೋ. ತೂತಿದ್ದರೆ ಹರಿದು ಹರಿದು ಹೊರಗೆ ಹೋಗಿ ಹಂಡೆ ಬರಿದಾಗುತ್ತೆ. ರನ್ ಔಟ್ ಅಂದರೆ ಆ ಚಿತ್ರ. ಮರಳುಗಡಿಯಾರದ ಮರಳೂ ಹಾಗೇ ಹೋಗುತ್ತೆ, ಕಾಲವೂ ಹೋಗುತ್ತೆ, ನಿನ್ನ ಕೈಗವಸೂ ಹಾಗೇ ಹೋಯಿತು.

ಮಗಳು: ಮೂಗು, ಭೇದಿ, ನಲ್ಲಿ ನೀರು, ಇವೆಲ್ಲ ಹಾಗಾದ್ರೆ ನೀರಿನ ಕಡೆಯವು. ಮನೆತನದ ಕಾಯಿಲೆಯೂ ಅಲ್ಲಿಂದಲೇ ಬಂತು. ತಾತನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಹರಿದು ಬಂತು ಅಂತ ನಾವೂ ಅಂತೀವಲ್ಲ.

ದೊಡ್ಡಪ್ಪ: ಅಂತೀವಿ. ಇನ್ನೊಂದು ಕೇಳು, ನಿನ್ನ ಕಸುಬಿಗೆ ಹತ್ತಿರದ್ದು. ಅದೇ ರಿನ್ನನ್‌ಗೆ ಹಿಂದೊಂದು ಗೆ ಸೇರಿಸಿ ಗೆರಿನ್ನನ್ ಅಂದರೆ ಜರ್ಮನ್‌ನಲ್ಲಿ ಹೆಪ್ಪುಗಟ್ಟೋದು. ಹಾಲಾದರೆ ಒಡೆಯೋದು, ರಕ್ತವಾದರೆ ಗಟ್ಟಿಯಾಗೋದು. ಹರಿಯುವ ಹನಿಗಳೆಲ್ಲ ಒಂದು ಕಡೆ ಕೂಡಿಕೊಂಡವು ಅನ್ನುವ ನೋಟ ಅದು. ಹರಿಯೋದಕ್ಕೂ ಹರಿಯದೆ ನಿಲ್ಲೋದಕ್ಕೂ ಒಂದೇ ಬೇರು. ಇದನ್ನ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಮಗಳು: ವಾರ್ಡಿನಲ್ಲಿ ನಮ್ಮ ಅರ್ಧ ಕೆಲಸ ಅದೇ ದೊಡ್ಡಪ್ಪ. ಹರೀಬೇಕಾದ್ದು ಹರೀತಿರಬೇಕು, ಹೆಪ್ಪುಗಟ್ಟಬೇಕಾದ್ದು ಹೆಪ್ಪುಗಟ್ಟಬೇಕು. ಆದರೆ ನನಗೊಂದು ಕೊರಗಿದೆ. ಇಂಗ್ಲಿಷಿನವರು ಒಂದು ಪದದಲ್ಲಿ ಇಷ್ಟೆಲ್ಲ ಹೇಳ್ತಾರೆ. ನಮ್ಮ ಓಡು ಅಷ್ಟು ಮಾಡುತ್ತಾ?

ದೊಡ್ಡಪ್ಪ: ಅಷ್ಟು ಮಾಡಲ್ಲ. ಆದರೆ ಕೈಲಾದಷ್ಟು ಮಾಡುತ್ತೆ. ಮೋಟ್ರು ಓಡುತ್ತೆ, ಗಡಿಯಾರ ಓಡುತ್ತೆ, ತಲೆ ಓಡಲ್ಲ, ವ್ಯಾಪಾರ ಓಡಲ್ಲ. 'ಬಂಗಾರದ ಮನುಷ್ಯ' 1972ರಲ್ಲಿ ಬಂದು ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅಲ್ಲಿಗೆ ನಮ್ಮ ಓಡು ಸ್ವಲ್ಪ ಉಸಿರು ಬಿಡುತ್ತೆ. ಉಳಿದ ಕೆಲಸಕ್ಕೆ ನಾವು ಬೇರೆಯವರನ್ನ ಕರೆದಿದ್ದೀವಿ. ಹೇಳು ನೋಡೋಣ, ರನ್ ಎ ಸ್ಕೂಲ್, ರನ್ ಎ ಶಾಪ್, ರನ್ ಎ ಹೌಸ್. ನಮ್ಮಲ್ಲೇನು?

ಮಗಳು: ಸ್ಕೂಲು ನಡೆಸು. ಅಂಗಡಿ ನಡೆಸು. ಸಂಸಾರ ನಡೆಸು. ಅರೆ, ಎಲ್ಲ ನಡೆಸೋದೇ!

ದೊಡ್ಡಪ್ಪ: ಅವರು ಓಡಿಸೋದನ್ನೆಲ್ಲ ನಾವು ನಡೆಸ್ತೀವಿ. ಜಾತ್ರೆ ನಡೆಯುತ್ತೆ, ಮದುವೆ ನಡೆಯುತ್ತೆ, ಕೇಸು ನಡೆಯುತ್ತೆ, ಹೇಗೋ ಜೀವನ ನಡೆಯುತ್ತೆ. ಸಭೆಯ ನಡಾವಳಿ, ಮನುಷ್ಯನ ನಡತೆ, ಊರಿನ ನಡವಳಿಕೆ. ನಡೆ ನುಡಿ ಅಂತ ಜೋಡಿಯೇ ಇದೆಯಲ್ಲ. ಒಬ್ಬ ಮನುಷ್ಯ ಎಂಥವನು ಅಂತ ಹೇಳೋಕೂ ನಮಗೆ ನಡಿಗೆಯೇ ಬೇಕಾಯ್ತು. ನಮ್ಮ ಹಿರೀಕರು ಮನೆಯನ್ನೂ ಮಠವನ್ನೂ ಕಾಲ್ನಡಿಗೆಯ ವೇಗದಲ್ಲೇ ನೋಡಿಕೊಂಡಿದ್ದರು. ಆ ವೇಗ ಪದದೊಳಗೆ ಹಾಗೇ ಕೂತಿದೆ.

ಮಗಳು: ಹಾಗಾದ್ರೆ ಇಂಗ್ಲಿಷಿನಲ್ಲಿ ಓಡಿಸೋದು ಯಾಕಾಯ್ತು? ಅವರ ಹಿರೀಕರೂ ನಡೀತಿದ್ದವರೇ ತಾನೆ?

ದೊಡ್ಡಪ್ಪ: ಅವರಲ್ಲೂ ಅಂಗಡಿಯನ್ನ ರನ್ ಮಾಡೋದು ಹಳೇ ಮಾತಲ್ಲ ಕಣಮ್ಮ. 19ನೇ ಶತಮಾನದ್ದು, ಮೊದಲು ಅಮೆರಿಕದಲ್ಲಿ ಹುಟ್ಟಿದ್ದು. ಅಷ್ಟರಲ್ಲಿ ಏನಾಗಿತ್ತು? 1830ರಲ್ಲಿ ಲಿವರ್‌ಪೂಲ್‌ನಿಂದ ಮ್ಯಾಂಚೆಸ್ಟರಿಗೆ ರೈಲು ಬಂದಿತ್ತು. ಗಿರಣಿ ಬಂದಿತ್ತು. ಹಗಲೂ ರಾತ್ರಿ ನಿಲ್ಲದೆ ತಿರುಗುವ ಚಕ್ರ ಬಂದಿತ್ತು. ಅದಕ್ಕೊಂದು ಕ್ರಿಯಾಪದ ಬೇಕಲ್ಲ? ನೀರಿನಂತೆ ಒಂದೇ ಸಮ ಹೋಗೋದು, ಕಾಲಿನಂತೆ ಬಿರುಸಾಗಿ ಹೋಗೋದು, ಎರಡೂ ಇದ್ದ ರನ್ ಸಿದ್ಧವಾಗಿ ನಿಂತಿತ್ತು. ಯಂತ್ರ ರನ್ ಆಯ್ತು, ಯಂತ್ರವನ್ನ ರನ್ ಮಾಡುವವನು ಬಂದ, ಆಮೇಲೆ ಕಾರ್ಖಾನೆಯನ್ನೇ ರನ್ ಮಾಡುವವನು ಬಂದ. ಕಂಪ್ಯೂಟರು ಬಂದಾಗ ಪ್ರೋಗ್ರಾಮೂ ರನ್ ಆಯ್ತು. ಸೈಮನ್ ವಿಂಚೆಸ್ಟರ್ ಅನ್ನುವ ಲೇಖಕರು 2011ರಲ್ಲಿ ಇದನ್ನೇ ಬರೆದಿದ್ದರು. ಸೆಟ್ ಹಿಂದೆ ಬಿದ್ದು ರನ್ ಮುಂದೆ ಬಂದದ್ದರಲ್ಲಿ ಯಂತ್ರಯುಗದ ಕೈವಾಡವಿದೆ ಅಂತ. ನನಗೆ ಇದು ಸರಿ ಅನ್ನಿಸುತ್ತೆ. ಒಂದು ಜನ ಯಾವ ವೇಗದಲ್ಲಿ ಬದುಕುತ್ತೆ ಅನ್ನೋದು ಅದರ ಕ್ರಿಯಾಪದದಲ್ಲಿ ಗೊತ್ತಾಗುತ್ತೆ.

ಮಗಳು: ನಮ್ಮೂರಿಗೆ ಬಸ್ಸು ಬಂದಾಗ ನಾವೇನಂದ್ವಿ?

ದೊಡ್ಡಪ್ಪ: ಬಸ್ ಬಿಟ್ಟಿದ್ದಾರೆ ಅಂದ್ವಿ! ಬೆಳಿಗ್ಗೆ ಏಳಕ್ಕೊಂದು ಬಿಟ್ಟಿದ್ದಾರೆ, ಸಂಜೆಗೊಂದು ಬಿಡಬೇಕು ಅಂತ ಅರ್ಜಿ ಕೊಟ್ಟಿದ್ದೀವಿ. ಕಟ್ಟಿದ ಎತ್ತನ್ನ ಬಿಟ್ಟ ಹಾಗೆ, ತೂಬೆತ್ತಿ ಕೆರೆ ನೀರು ಬಿಟ್ಟ ಹಾಗೆ. ಗಾಡಿ ಬಿಡೋದು ಅಂದರೆ ಡ್ರೈವ್ ಮಾಡೋದು. ನಲ್ಲಿ ಬಿಡು. ಹೊಸ ಸೀರೆ ಬಣ್ಣ ಬಿಡುತ್ತೆ. ಇವುಗಳಲ್ಲಿ ಬಹುಪಾಲಿಗೆ ಅಲ್ಲಿ ರನ್ ಅಂದರೂ ನಡೆಯುತ್ತೆ. ನಮ್ಮ ಬಿಡು ಎಂಥ ದುಡಿಮೆಗಾರ ನೋಡು. ಅದರ ಅರ್ಥ ಎಣಿಸೋಕೂ ಯಾರಾದರೂ ಒಂಬತ್ತು ತಿಂಗಳು ಕೂರಬೇಕು.

ಮಗಳು: ಸೀರೆ ಅಂದಾಗ ನೆನಪಾಯ್ತು. ನನ್ನ ಜೊತೆ ಅಮೆರಿಕದಿಂದ ಬಂದ ಒಬ್ಬಳು ಕೆಲಸ ಮಾಡ್ತಾಳೆ. ಕಾಲುಚೀಲದ ಎಳೆ ಬಿಟ್ಟು ಉದ್ದಕ್ಕೆ ಹರಿದರೆ ಅದಕ್ಕೂ ಅವಳು ರನ್ ಅಂತಾಳೆ. ಇಂಗ್ಲೆಂಡಿನವರು ಅದನ್ನ ಏಣಿ ಅಂತಾರೆ, ಲ್ಯಾಡರ್. ಅವಳು ರನ್ ಅಂದಾಗ ಮಾತ್ರ ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ನಮ್ಮಲ್ಲಿ ನೀರೂ ಹರಿಯುತ್ತೆ, ಬಟ್ಟೆಯೂ ಹರಿಯುತ್ತೆ.

ದೊಡ್ಡಪ್ಪ: ಅಲ್ಲಾ, ಇದು ನನಗೆ ಹೊಳೆದೇ ಇರಲಿಲ್ಲ! ನಿಘಂಟುಕಾರರು ನಮ್ಮ ಆ ಎರಡು ಹರಿಗಳನ್ನ ಬೇರೆ ಬೇರೆ ಪದ ಅಂತ ಎಣಿಸ್ತಾರೆ. ಆದರೆ ಆಡುವ ಬಾಯಿಗೆ ಎರಡೂ ಒಂದೇ. ಹಳಗನ್ನಡಕ್ಕೆ ಹೋದರೆ ಇನ್ನೂ ಚೆನ್ನ. ಪಾಲು ಹಾಲಾದ ಹಾಗೆ ಪರಿ ಅನ್ನೋದು ಹರಿ ಆಯಿತು. ಆ ಪರಿಗೆ ಹರಿ ಅನ್ನುವ ಅರ್ಥವೂ ಇತ್ತು, ಓಡು ಅನ್ನುವ ಅರ್ಥವೂ ಇತ್ತು. ಅಂದರೆ ಕಾಲೂ ನೀರೂ ಒಂದೇ ಪದದಲ್ಲಿ ನಮ್ಮಲ್ಲೂ ಕೂಡಿದ್ದವು. ಆಮೇಲೆ ಕಾಲಿಗೆ ಓಡು ಸಾಕು ಅಂತಾಯಿತು, ಹರಿ ನೀರಿನ ಕಡೆ ಉಳಿಯಿತು. ಉಳಿದು ಸುಮ್ಮನೆ ಕೂತಿದೆಯಾ? ಹಾವು ಹರಿಯುತ್ತೆ, ಬೆಳಕು ಹರಿಯುತ್ತೆ, ಗಮನ ಹರಿಸ್ತೀವಿ. ಕನ್ನಡಕ್ಕೆ ಪದ ಸಾಲದು ಅಂತ ಕೊರಗೋ ಬದಲು, ಇಂಥವನ್ನ ಹೀಗೆ ಮುಂದೆ ಇಟ್ಟುಕೊಂಡು ನೋಡಬೇಕು ಮಗಾ. ಕಿಟ್ಟೆಲ್ 1894ರಲ್ಲಿ ತಮ್ಮ ಕನ್ನಡ ನಿಘಂಟನ್ನ ಮಂಗಳೂರಿನಲ್ಲಿ ಅಚ್ಚು ಮಾಡಿಸಿದರಲ್ಲ, ಅವರ ತಾಯ್ನುಡಿ ಜರ್ಮನ್. ಮರ್ರೆ ತಗಡಿನ ಮನೆಯಲ್ಲಿ ಕೂತು ಚೀಟಿ ಜೋಡಿಸ್ತಿದ್ದ ಕಾಲದಲ್ಲೇ ಅವರು ನಮ್ಮ ಪದಗಳನ್ನ ಜೋಡಿಸ್ತಿದ್ದರು. ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ನೂರು ದಾಟಿದ ಮೇಲೂ ಪದದ ಕೆಲಸ ಬಿಡಲಿಲ್ಲ. 107 ವರ್ಷ ಬದುಕಿದ್ದರು.

ಮಗಳು: ಒಂದು ಕಡೆ ಮಾತ್ರ ಇಂಗ್ಲೆಂಡಿನವರು ನಮ್ಮ ಜೊತೆಗಿದ್ದಾರೆ. ಚುನಾವಣೆ ಬಂದಿತ್ತು. ಅಮೆರಿಕದವಳು ರನ್ ಫಾರ್ ಎಲೆಕ್ಷನ್ ಅಂದ್ಲು. ಅಲ್ಲಿಯವರು ಸ್ಟ್ಯಾಂಡ್ ಅಂತಾರೆ. ನಾವೂ ಚುನಾವಣೆಗೆ ನಿಲ್ತೀವಿ.

ದೊಡ್ಡಪ್ಪ: ನಿಲ್ತೀವಿ, ಸರಿ. ಈಗ ನಾನೊಂದು ಕೇಳ್ತೀನಿ. ಜ್ವರ ಬಂದವನು ಟೆಂಪರೇಚರ್ ರನ್ ಮಾಡ್ತಿದ್ದಾನೆ ಅಂದೆಯಲ್ಲ. ಅಲ್ಲಿ ಕರ್ತೃ ಯಾರು?

ಮಗಳು: ರೋಗಿಯೇ.

ದೊಡ್ಡಪ್ಪ: ನಮ್ಮಲ್ಲಿ?

ಮಗಳು: ಅವನಿಗೆ ಜ್ವರ ಬಂದಿದೆ. ಜ್ವರವೇ ಕರ್ತೃ. ಅವನು ಸುಮ್ಮನೆ ಮಲಗಿದ್ದಾನೆ.

ದೊಡ್ಡಪ್ಪ: ನಿದ್ದೆ ಬರುತ್ತೆ, ಕೋಪ ಬರುತ್ತೆ, ನೆನಪು ಬರುತ್ತೆ. ಅವು ಬರ್ತವೆ, ನಾವು ಇಸ್ಕೊಳ್ತೀವಿ. ಸಾಮಾನು ಮುಗಿದರೂ ಸಾಮಾನೇ ಖಾಲಿಯಾಗುತ್ತೆ, ನಾವಲ್ಲ. ಇಂಗ್ಲಿಷಿನಲ್ಲಿ 'ನಾವು' ರನ್ ಔಟ್ ಆಗ್ತೀವಿ. ನಮ್ಮ ಹುಡುಗರು ಎಡವೋದು ಪದದ ಅರ್ಥದಲ್ಲಲ್ಲ, ಇಲ್ಲಿ. ವಾಕ್ಯದ ಮುಂದೆ ಯಾರನ್ನ ಕೂರಿಸಬೇಕು ಅನ್ನೋದರಲ್ಲಿ. ನಾನು ಪಾಠ ಮಾಡುವಾಗ ಇದನ್ನ ಹೇಳಿಕೊಡಬೇಕಿತ್ತು.

ಮಗಳು: ಇನ್ನೊಂದು ಕಡೆಯೂ ಎಡವಿದ್ದೀನಿ. ಆ ಪುಟ್ಟ ಪದಗಳು. ಡ್ರಿಪ್ ಕಟ್ಟುವಾಗ 'ರನ್ ಇಟ್ ಓವರ್ ಏಟ್ ಅವರ್ಸ್' ಅಂದ್ರು. ಓವರ್ ಅಂದ್ರೆ ಮುಗೀತು ಅಂತ ತಾನೆ ನಮಗೆ ಗೊತ್ತಿರೋದು? ಎಂಟು ಗಂಟೆ ಆದ ಮೇಲೆ ಶುರು ಮಾಡಬೇಕಾ ಅಂತ ಒಂದು ಕ್ಷಣ ತಬ್ಬಿಬ್ಬಾದೆ. ಅವತ್ತು ಕೇಳಿ ಖಾತ್ರಿ ಮಾಡಿಕೊಂಡೆ, ಸದ್ಯ. ಒಂದು ಲೀಟರ್ ದ್ರವ, ಎಂಟು ಗಂಟೆ ಹಿಡಿಯುವಂತೆ ನಿಧಾನ ಹೋಗಬೇಕು, ಗಂಟೆಗೆ 125 ಮಿಲಿ ಲೀಟರ್. ಕೇಳದೆ ಸುಮ್ಮನಿದ್ದಿದ್ದರೆ ಏನಾಗ್ತಿತ್ತೋ ಅಂತ ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತೆ.

ದೊಡ್ಡಪ್ಪ: ಕೇಳಿದೆಯಲ್ಲ, ಅದು ಕೆಲಸ. ಆ ಪುಟ್ಟ ಪದಗಳನ್ನ ಬೇರೆ ಇಟ್ಟು ನೋಡಬಾರದು. ನಾವು ಏನ್ಮಾಡ್ತೀವಿ? ಕ್ರಿಯಾಪದದ ಬಾಲಕ್ಕೆ ಇನ್ನೊಂದು ಕ್ರಿಯಾಪದ ಕಟ್ತೀವಿ. ಓಡಿ ಹೋದ, ಓಡಿ ಬಂದ, ಓಡಿಬಿಟ್ಟ. ಮಗು ಹಾಲು ಕುಡೀತು ಅನ್ನೋದಕ್ಕೂ ಕುಡಿದುಬಿಡ್ತು ಅನ್ನೋದಕ್ಕೂ ಎಷ್ಟು ವ್ಯತ್ಯಾಸ! ಬೇರೆಯವರು ನಮ್ಮ ಭಾಷೆ ಕಲಿಯುವಾಗ ಆ ಬಿಡ್ತು ಅವರನ್ನ ಹಾಗೇ ಕಾಡುತ್ತೆ. ನಾವು ಬಾಲಕ್ಕೆ ಬಿಡು, ಹೋಗು, ಹಾಕು ಕಟ್ಟಿದ ಹಾಗೆ ಅವರು ಔಟ್, ಓವರ್, ಡೌನ್ ಕಟ್ತಾರೆ. ಓವರ್ ಅನ್ನೋದು ಇಲ್ಲಿ ಚಾಪೆ ಹಾಸಿದ ಹಾಗೆ. ಆ ಎಂಟು ಗಂಟೆಯ ಮೇಲೆ ದ್ರವವನ್ನ ಹಾಸಬೇಕು.

ಮಗಳು: ಹಾಸಬೇಕು... ಇದನ್ನ ಬರ್ಕೋತೀನಿ. ಹೊಸದಾಗಿ ಬರುವ ಹುಡುಗಿಯರಿಗೆ ಹೇಳಬೇಕು.

ದೊಡ್ಡಪ್ಪ: ಕೊನೇ ಪುಟದ ಮಾತು ಕೇಳಲೇ ಇಲ್ಲ ನೀನು.

ಮಗಳು: ಅದಾ? ಆರನೇ ಹಾಸಿಗೆಯಲ್ಲಿ ಒಬ್ಬ ಅಜ್ಜ ಇದ್ದರು. ತೊಂಬತ್ತೊಂದು ವರ್ಷ. ಹೃದಯ ಸೋತಿತ್ತು, ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ತಿತ್ತು. ಒಂದು ರಾತ್ರಿ ಪಾಳಿಯಲ್ಲಿ ನಾನು ದಿಂಬು ಸರಿ ಮಾಡ್ತಿದ್ದೆ. ನನ್ನ ಕೈ ಹಿಡಿದು, 'ಐವ್ ಹ್ಯಾಡ್ ಅ ಗುಡ್ ರನ್' ಅಂದ್ರು. ಆಗ ಅವರಿಗೆ ಎದ್ದು ಕೂರೋಕೂ ಆಗ್ತಿರಲಿಲ್ಲ. ಹಳೇ ಕಾಲದಲ್ಲಿ ಓಟಗಾರರಾಗಿದ್ದರೇನೋ, ಅದನ್ನ ನೆನೆಸಿಕೊಳ್ತಿದ್ದಾರೆ ಅಂದುಕೊಂಡೆ. ನಗುತ್ತಾ, ಹೌದಾ, ಎಷ್ಟು ದೂರ ಓಡ್ತಿದ್ರಿ ಅಂತ ಕೇಳಿದೆ. ಅವರು ನನ್ನ ಮುಖ ನೋಡಿದ್ರು. ಸ್ವಲ್ಪ ಹೊತ್ತಾದ ಮೇಲೆ, 'ಕ್ವೈಟ್ ಫಾರ್, ಡಿಯರ್' ಅಂದ್ರು. ತುಂಬ ದೂರ. ಮಾರನೇ ದಿನ ಹೋಗಿಬಿಟ್ರು.

ದೊಡ್ಡಪ್ಪ: ...

ಮಗಳು: ಅದರ ಅರ್ಥ ಓಟ ಅಲ್ಲ ಅಂತ ಈಗ ಗೊತ್ತಾಗ್ತಿದೆ. ಆದರೆ ಏನು ಅಂತ ನಿಮ್ಮ ಬಾಯಲ್ಲಿ ಕೇಳಬೇಕು.

ದೊಡ್ಡಪ್ಪ: ಗುಡ್ ರನ್ ಅಂದರೆ, ಒಂದು ನಾಟಕ ಬಹಳ ದಿನ ಚೆನ್ನಾಗಿ ಓಡಿತು ಅಂತೀವಲ್ಲ, ಹಾಗೆ. ಬಂದಿದ್ದೆ, ಬಹಳ ಕಾಲ ಇದ್ದೆ, ಚೆನ್ನಾಗಿತ್ತು, ದೂರು ಏನೂ ಇಲ್ಲ ಅಂತ. ನಮ್ಮಮ್ಮ, ನಿನ್ನಜ್ಜಿ, ಕೊನೆಗೆ ಹಾಸಿಗೆ ಹಿಡಿದಾಗ ನಾನು ಪಕ್ಕದಲ್ಲಿ ಕೂತಿದ್ದೆ. 'ನಡೆದಷ್ಟು ನಡೀತು ಕಣಪ್ಪ, ಚೆನ್ನಾಗೇ ನಡೀತು' ಅಂದಳು. ಆ ಅಜ್ಜ ಹೇಳಿದ್ದೂ ಅದೇ ಮಾತು. ಅಮ್ಮ ನಡೆದಳು, ಅವರು ಓಡಿದರು, ಅಷ್ಟೇ.

ಮಗಳು: ನಾನು ಅವರಿಗೆ ತಪ್ಪು ಉತ್ತರ ಕೊಟ್ಟೆ.

ದೊಡ್ಡಪ್ಪ: ಎಷ್ಟು ದೂರ ಅಂತ ಕೇಳಿದೆ. ತೊಂಬತ್ತೊಂದು ವರ್ಷದವರಿಗೆ ಅದು ತಪ್ಪು ಪ್ರಶ್ನೆ ಅಂತ ನನಗನ್ನಿಸಲ್ಲ ಮಗಾ. ಅವರು ಸರಿಯಾಗಿಯೇ ಉತ್ತರ ಕೊಟ್ಟಿದ್ದಾರೆ.

ಮಗಳು: ಅವರ ಮಗಳು ದೂರದ ಊರಲ್ಲಿದ್ದರು. ಬರೋ ಹೊತ್ತಿಗೆ ಎಲ್ಲ ಆಗಿಹೋಗಿತ್ತು. ನಾನು ರಜೆಗೆ ಹೊರಡೋ ಮುಂಚೆ ವಾರ್ಡಿಗೆ ಒಂದು ಕಾರ್ಡ್ ಬಂತು. ಅಪ್ಪ ಕೊನೆಗೆ ಏನಾದರೂ ಹೇಳಿದ್ರಾ ಅಂತ ಕೇಳಿದ್ದಾರೆ. ಯಾರೂ ಉತ್ತರ ಬರೆದಿಲ್ಲ, ಆ ರಾತ್ರಿ ಇದ್ದವಳು ನಾನೊಬ್ಬಳೇ. ಅರ್ಥವಾಗದೇ ಇದ್ದದ್ದನ್ನ ಏನಂತ ಬರೆಯಲಿ ಅಂತ ನಾನೂ ಸುಮ್ಮನಿದ್ದೆ.

ದೊಡ್ಡಪ್ಪ: ಈಗ?

ಮಗಳು: ಅವರು ಅಂದದ್ದನ್ನ ಅಂದ ಹಾಗೇ ಬರೀತೀನಿ. ನಾನು ಕೇಳಿದ್ದನ್ನೂ ಬರೀತೀನಿ, ಅವರು ತುಂಬ ದೂರ ಅಂದದ್ದನ್ನೂ ಬರೀತೀನಿ. ವಾಪಸ್ ಹೋದ ಕೂಡಲೇ ಸಿಸ್ಟರ್ ಕೈಗೆ ಕೊಟ್ಟರೆ ಅವರು ತಲುಪಿಸ್ತಾರೆ. ಒಳಗೆ ಕಾಗದ ಇದೆಯಾ ದೊಡ್ಡಪ್ಪ?

ದೊಡ್ಡಪ್ಪ: ಮೇಜಿನ ಎಡಗಡೆ ಸೆಳೆಖಾನೆಯಲ್ಲಿದೆ. ಬರುವಾಗ ನನ್ನ ಕನ್ನಡಕವನ್ನೂ ತಗೊಂಡು ಬಾ.